ಗ್ರ್ಯಾಂಡ್ ಜ್ಯೂರಿಯಲ್ಲಿ ಕೂರಲು ಯಾರು ಅರ್ಹರು?

ಅಮೆರಿಕದ ಫೆಡರಲ್ ಸರ್ಕಾರ ಗಂಭೀರ ಅಪರಾಧಕ್ಕೆ ಯಾರ ಮೇಲಾದರೂ ಮೊಕದ್ದಮೆ ಹೂಡಬೇಕಾದರೆ ಮೊದಲು ಗ್ರ್ಯಾಂಡ್ ಜ್ಯೂರಿ ಒಪ್ಪಬೇಕು. ಇದು ಅಲ್ಲಿನ ಸಂವಿಧಾನದ ಐದನೇ ತಿದ್ದುಪಡಿಯ ಮಾತು. 16ರಿಂದ 23 ಮಂದಿ ನಾಗರಿಕರು ಕೂತು ಸಾಕ್ಷ್ಯ ಕೇಳುತ್ತಾರೆ. ಕನಿಷ್ಠ 12 ಮಂದಿ ಹೂಂ ಅಂದರೆ ದೋಷಾರೋಪ ಹೊರಬೀಳುತ್ತದೆ. ಆ ಕೋಣೆಯಲ್ಲಿ ನ್ಯಾಯಾಧೀಶರಿಲ್ಲ, ಆರೋಪಿಯ ವಕೀಲರೂ ಇಲ್ಲ. ಸರ್ಕಾರಿ ವಕೀಲರನ್ನು ತಡೆದು ಕೇಳಬಲ್ಲವರು ಈ ನಾಗರಿಕರು ಮಾತ್ರ. ಆದ್ದರಿಂದಲೇ ಅಲ್ಲಿ ಯಾರು ಕೂರಬೇಕೆಂಬ ಪ್ರಶ್ನೆಗೆ ಇಷ್ಟು ತೂಕ.

ಫೆಡರಲ್ ಜ್ಯೂರಿಗಳ ಆಯ್ಕೆ ಕುರಿತ 1968ರ ಕಾನೂನು ಈಗಿರುವ ರೂಪದಲ್ಲಿ ಕೇಳುವುದು ಪೌರತ್ವ, 18 ವರ್ಷ ವಯಸ್ಸು, ಆ ನ್ಯಾಯಾಲಯದ ವ್ಯಾಪ್ತಿಯಲ್ಲಿ ಒಂದು ವರ್ಷದ ವಾಸ. ಗ್ರೀನ್ ಕಾರ್ಡ್ ಹಿಡಿದು ಎಷ್ಟೇ ವರ್ಷ ಅಲ್ಲಿದ್ದ ಕನ್ನಡಿಗರಿಗೂ ಪೌರತ್ವ ಸಿಗುವ ತನಕ ಪ್ರವೇಶವಿಲ್ಲ. ಇದರಲ್ಲಿ ಹೆಚ್ಚು ತಕರಾರಿಲ್ಲ. ತಕರಾರು ಇರುವುದು ಇನ್ನೆರಡರಲ್ಲಿ: ಇಂಗ್ಲಿಷ್ ಬರಬೇಕು, ದೊಡ್ಡ ಅಪರಾಧಕ್ಕೆ ಶಿಕ್ಷೆಯಾಗಿರಬಾರದು.

ಪೋರ್ಟೊ ರಿಕೊ ನೋಡಿ. ಅಲ್ಲಿ ಹುಟ್ಟಿದವರು ಅಮೆರಿಕದ ಪ್ರಜೆಗಳು, ಮನೆಮಾತು ಸ್ಪ್ಯಾನಿಷ್. ಫೆಡರಲ್ ನ್ಯಾಯಾಲಯ ನಡೆಯುವುದು ಮಾತ್ರ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಸರಿಯಾಗಿ ಬಾರದವರು ತಮ್ಮದೇ ಊರಿನ ಮೊಕದ್ದಮೆಯಲ್ಲಿ ಹೊರಗುಳಿಯುತ್ತಾರೆ. ಆದರೂ ನಿಯಮದ ಪರವಾಗಿ ಹೇಳುವುದು ಹುರುಳಿಲ್ಲದ ಮಾತಲ್ಲ. ಫೆಡರಲ್ ಗ್ರ್ಯಾಂಡ್ ಜ್ಯೂರಿಯ ಅವಧಿ 18 ತಿಂಗಳವರೆಗೂ ಹೋಗುತ್ತದೆ. ಬ್ಯಾಂಕ್ ದಾಖಲೆ, ಮಿಂಚಂಚೆ, ಸಾಕ್ಷಿಯ ಒಂದೊಂದು ಪದ, ಎಲ್ಲವೂ ದುಭಾಷಿಯ ಬಾಯಿಂದ ಬಂದರೆ ಅರ್ಥ ಜಾರುವ ಅಪಾಯ ಉಂಟು. ಕಲಾಪ ಗುಟ್ಟಾಗಿರಬೇಕು ಎಂಬುದು ಇನ್ನೊಂದು ವಾದ.

ಈ ಎರಡನೆಯ ವಾದ ನನಗೆ ಒಪ್ಪಿಗೆಯಾಗದು. ಸದಸ್ಯರು ಚರ್ಚಿಸಿ ಮತ ಹಾಕುವಾಗ ಕಿವಿ ಕೇಳಿಸದ ಅಥವಾ ಮಾತು ಬಾರದ ಸದಸ್ಯರಿಗೆ ನೆರವಾಗುವ ದುಭಾಷಿ ಒಳಗೇ ಇರಬಹುದೆಂದು ಫೆಡರಲ್ ನಿಯಮವೇ ಹೇಳುತ್ತದೆ. ಸನ್ನೆ ಭಾಷೆಯವರಿಂದ ಗುಟ್ಟು ಕೆಡದಿದ್ದರೆ ಸ್ಪ್ಯಾನಿಷಿನವರಿಂದ ಹೇಗೆ ಕೆಟ್ಟೀತು? ನ್ಯೂ ಮೆಕ್ಸಿಕೊ ರಾಜ್ಯದ ಸಂವಿಧಾನವಂತೂ ಇಂಗ್ಲಿಷ್ ಬಾರದವರನ್ನೂ ಜ್ಯೂರಿಯಿಂದ ದೂರ ಇಡಬಾರದು ಎನ್ನುತ್ತದೆ. ಅಲ್ಲಿ ದುಭಾಷಿಗಳನ್ನು ಒದಗಿಸುತ್ತಾರೆ. ಖರ್ಚು ನಿಜ, ಆದರೆ ಅಸಾಧ್ಯವಲ್ಲ.

ಶಿಕ್ಷೆಯ ವಿಷಯ ಇಷ್ಟು ಸುಲಭವಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಸಜೆ ವಿಧಿಸಬಹುದಾದ ಅಪರಾಧದಲ್ಲಿ ಶಿಕ್ಷೆಯಾದವರು, ಅಂಥ ಆರೋಪ ಹೊತ್ತಿರುವವರು ಅನರ್ಹರು. ನಾಗರಿಕ ಹಕ್ಕುಗಳು ಮರಳಿ ಸಿಗದಿದ್ದರೆ ಶಿಕ್ಷೆಯಾದವರ ಅನರ್ಹತೆ ಜೀವಮಾನಪೂರ್ತಿ. ಮೇಯ್ನ್ ರಾಜ್ಯದಲ್ಲಿ ಇಂಥ ನಿಷೇಧವಿಲ್ಲ. ಕ್ಯಾಲಿಫೋರ್ನಿಯಾ 2020ರಿಂದ, ಮೊಕದ್ದಮೆಯ ಕೊನೆಗೆ ತೀರ್ಪು ಕೊಡುವ ವಿಚಾರಣಾ ಜ್ಯೂರಿಯ ಮಟ್ಟಿಗೆ ಅದನ್ನು ಸಡಿಲಿಸಿದೆ. ಆದರೆ ವಿಚಾರಣಾ ಜ್ಯೂರಿಯಲ್ಲಿ ಎರಡೂ ಕಡೆಯ ವಕೀಲರು ಪಕ್ಷಪಾತಿಗಳನ್ನು ಹುಡುಕಿ ಕೈಬಿಡಬಹುದು. ಗ್ರ್ಯಾಂಡ್ ಜ್ಯೂರಿಯ ಆಯ್ಕೆಯಲ್ಲಿ ಆ ಜರಡಿ ಇಲ್ಲ, ಆದ್ದರಿಂದ ಕಟ್ಟುನಿಟ್ಟು ಬೇಕೆನ್ನುವವರ ಮಾತನ್ನು ತಳ್ಳಿಹಾಕಲಾರೆ. ಮೊಕದ್ದಮೆ ಎದುರಿಸುತ್ತಿರುವವರನ್ನು ಅದು ಮುಗಿಯುವವರೆಗೆ ಹೊರಗಿಡುವುದು ನ್ಯಾಯವೇ. ಸಜೆ ಅನುಭವಿಸಿ ಬಂದವರ ಮಾತು ಬೇರೆ. ಪೊಲೀಸರ ಕೆಲಸ, ಸಾಕ್ಷಿಗಳ ಮೇಲಿನ ಒತ್ತಡ ಎಂಥದ್ದೆಂದು ಬಲ್ಲವರು ಕೇಳುವ ಪ್ರಶ್ನೆ ಆ ಕೋಣೆಗೆ ಬೇಕು. ಅವರ ಶಿಕ್ಷೆ ಮುಗಿದೊಡನೆ ಈ ಅನರ್ಹತೆಯನ್ನೂ ಕಾನೂನು ತೆಗೆದುಹಾಕಬೇಕು.