ಫೋನಿನೊಳಗಿನ ಅಂಗಿಗೆ ಹಾಲಿನ ರೊಕ್ಕ

ಹೈನುಗಾರ ಅಕ್ಕ-ತಂಗಿಯರೇ,

ಕಳೆದ ಸಂಚಿಕೆಯಲ್ಲಿ ಕೆಚ್ಚಲು ಬಾವಿನ ಬಗ್ಗೆ ಬರೆದಿದ್ದೆ. ಈ ಸಲ ಉಣ್ಣೆಗಳ ಕಾಟದ ಬಗ್ಗೆ ಬರೆಯುವುದಾಗಿ ಸಂಘದವರಿಗೆ ಹೇಳಿಯೂ ಇದ್ದೆ. ಅದು ಮುಂದಿನ ಸಂಚಿಕೆಗೆ ಇರಲಿ. ಕೌಜಲಗಿ ಭಾಗದ ಒಂದು ಮನೆಯಲ್ಲಿ ಕೇಳಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ, ಅದನ್ನು ಮೊದಲು ಬರೆದುಬಿಡುತ್ತೇನೆ.

ಎಚ್‌ಎಫ್ ಆಕಳು, ಕರು ಹಾಕಿ ಎರಡು ದಿನವಾಗಿತ್ತು. ಬೆಳಗ್ಗೆ ಎದ್ದು ನಿಲ್ಲಲಾರದೆ ಕತ್ತು ಹೊಟ್ಟೆಯ ಕಡೆ ತಿರುಗಿಸಿ ಮಲಗಿಬಿಟ್ಟಿತ್ತು. ಕಿವಿ ತಣ್ಣಗಾಗಿದ್ದವು. ಹಾಲು ಜ್ವರ. ರಕ್ತನಾಳಕ್ಕೆ ಕ್ಯಾಲ್ಸಿಯಂ ಹಚ್ಚಿದೆ. ಅದನ್ನು ಅವಸರದಲ್ಲಿ ಬಿಡಲು ಬರುವುದಿಲ್ಲ, ಹೃದಯದ ಬಡಿತ ನೋಡಿಕೊಳ್ಳುತ್ತ ನಿಧಾನಕ್ಕೆ ಬಿಡಬೇಕು. ಆ ಹೊತ್ತಿನಲ್ಲಿ ಮಾತು ಬಂತು. ಖನಿಜ ಮಿಶ್ರಣ ಹಾಕುತ್ತೀರಾ ಎಂದು ಕೇಳಿದೆ. "ಎರಡ್ ತಿಂಗಳಾತ್ರಿ ತಂದಿಲ್ಲ, ರೊಕ್ಕ ಹೊಂದಲಿಲ್ಲ" ಎಂದರು ಆ ತಾಯಿ. ಖನಿಜ ಮಿಶ್ರಣ ಹಾಕಿದ್ದರೆ ಆಕಳು ಬೀಳುತ್ತಲೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ, ಹಾಲು ಜ್ವರಕ್ಕೆ ಕಾರಣಗಳು ಹಲವು. ಆದರೆ ರೊಕ್ಕ ಯಾಕೆ ಹೊಂದಲಿಲ್ಲ ಎಂಬುದು ಅವರಿಗೆ ಹಿಂದಿನ ದಿನವಷ್ಟೇ ಗೊತ್ತಾಗಿತ್ತು. ಪಾಸ್‌ಬುಕ್ ಎಂಟ್ರಿ ಮಾಡಿಸಲು ಬ್ಯಾಂಕಿಗೆ ಹೋಗಿದ್ದರು. ಹಾಲಿನ ಬಟವಾಡೆ ಜಮಾ ಆಗುವ ಖಾತೆಯಿಂದ ನಾಲ್ಕು ಸಲ ರೊಕ್ಕ ಹೋಗಿತ್ತು, ಒಟ್ಟು 1,610 ರೂಪಾಯಿ. ಹೋದದ್ದು ಅವರ ಮಗನ ಕೈಯಿಂದ. ಹುಡುಗ ಒಂಬತ್ತನೇ ಇಯತ್ತೆ. ಫೋನಿನಲ್ಲಿ ಗುಂಡು ಹಾರಿಸುವ ಒಂದು ಆಟ ಆಡುತ್ತಾನೆ. ಆ ಆಟದೊಳಗಿನ ತನ್ನ ಗೊಂಬೆಗೆ ಒಂದು ಅಂಗಿ, ಬಂದೂಕಿಗೆ ಒಂದು ಬಣ್ಣ ಕೊಂಡಿದ್ದ.

ಹುಡುಗ ಗೋಡೆಗೆ ಆತು ನಿಂತಿದ್ದ. ಬೈಗುಳ ಎಲ್ಲ ಹಿಂದಿನ ರಾತ್ರಿಯೇ ಮುಗಿದಿದ್ದವು ಅಂತ ಕಾಣುತ್ತದೆ. ತಾಯಿ ನನ್ನನ್ನು ಕೇಳಿದರು: "ಡಾಕ್ಟ್ರ, ನೀವು ಓದಿದವ್ರು ಅದೀರಿ. ಆ ಅಂಗಿ ಹೊಳ್ಳಿ ಮಾರಾಕ ಬರತೈತೇನ್ರಿ?"

ಬರುವುದಿಲ್ಲ ಎಂದೆ. ಮಾರುವ ಪ್ರಶ್ನೆ ಅವರಿಗೆ ಮೊದಲು ಹೊಳೆದದ್ದು ಸಹಜ. ಆಕಳು ಕೊಂಡರೂ ಎಮ್ಮೆ ಕೊಂಡರೂ ನಾವು ಮನಸ್ಸಿನಲ್ಲಿ ಮೊದಲು ಹಾಕುವ ಲೆಕ್ಕ ಅದೇ ತಾನೇ.

ಒಂದು ಲೀಟರ್ ಹಾಲಿಗೆ ನಿಮ್ಮ ಕೈಗೆ 35 ರೂಪಾಯಿ ಬರುತ್ತದೆ ಎಂದು ಹಿಡಿಯೋಣ. ಫ್ಯಾಟ್, ಎಸ್‌ಎನ್‌ಎಫ್ ಮೇಲೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ, ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಬೇರೆ. 1,610 ರೂಪಾಯಿ ಎಂದರೆ 46 ಲೀಟರ್ ಹಾಲು. ದಿನಕ್ಕೆ 8 ಲೀಟರ್ ಡೇರಿಗೆ ಹಾಕುವ ಮನೆಗೆ ಅದು ಹತ್ತಿರ ಹತ್ತಿರ ಆರು ದಿನದ ಹಾಲು. ಆರು ದಿನ ನಸುಕಿನಲ್ಲಿ ಏಳುವುದು, ಸಗಣಿ ಬಳಿಯುವುದು, ಮೇವಿನ ಹೊರೆ ಹೊರುವುದು ಎಲ್ಲ ಅದರಲ್ಲಿ ಬಂತು. ಹಿಂಡಿಯ ಖರ್ಚನ್ನು ನಾನು ಕಳೆದೇ ಇಲ್ಲ.

ಇಲ್ಲಿಗೆ "ಶುದ್ಧ ದಂಡ" ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೆ ಕಾರಣ ನನ್ನದೇ ಒಂದು ಕಥೆ.

ಬೀದರ್‌ನಲ್ಲಿ ಪಶುವೈದ್ಯಕೀಯ ಓದುತ್ತಿದ್ದಾಗ ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಫಾರ್ಮ್‌ವಿಲ್ ಹುಚ್ಚು. 2009ರ ಜೂನ್‌ನಲ್ಲಿ ಫೇಸ್‌ಬುಕ್‌ನಲ್ಲಿ ಬಂದ ಆಟ ಅದು. ನಿಮ್ಮದೇ ಒಂದು ಹೊಲ, ಬಿತ್ತುವುದು, ಕೊಯ್ಯುವುದು, ಆಕಳು ಕಟ್ಟಿ ಹಾಲು ಹಿಂಡುವುದು. ಮರುವರ್ಷ ತಿಂಗಳಿಗೆ 8 ಕೋಟಿಗೂ ಹೆಚ್ಚು ಜನ ಅದನ್ನು ಆಡುತ್ತಿದ್ದರು. ಹಗಲು ನಿಜವಾದ ಆಕಳಿನ ಮುಂದೆ ನಿಂತು ಪಾಠ ಕೇಳಿದ ನಾವು, ರಾತ್ರಿ ಕಂಪ್ಯೂಟರಿನ ಆಕಳಿನ ಹಾಲು ಹಿಂಡಲು ಓಡುತ್ತಿದ್ದೆವು. ಆ ಆಕಳು ಗಬ್ಬ ಆಗದೆ, ಕರು ಹಾಕದೆ ಹಾಲು ಕೊಡುತ್ತಿತ್ತು. ಬತ್ತುವುದು ಗೊತ್ತಿಲ್ಲ, ಕೆಚ್ಚಲು ಬಾವು ಗೊತ್ತಿಲ್ಲ. ಗುಲಾಬಿ ಬಣ್ಣದ ಆಕಳಂತೂ ಸ್ಟ್ರಾಬೆರಿ ಹಾಲನ್ನೇ ಕೊಡುತ್ತಿತ್ತು! ಬೇಗ ಮುಂದೆ ಹೋಗಬೇಕೆಂದರೆ, ಬೇರೆಯವರ ಹತ್ತಿರ ಇಲ್ಲದ ಪ್ರಾಣಿ ಬೇಕೆಂದರೆ, ನಿಜವಾದ ರೊಕ್ಕ ಕೊಡಬೇಕಿತ್ತು. ನಾನು ಕೊಡಲಿಲ್ಲ. ಬುದ್ಧಿವಂತಿಕೆಯಿಂದಲ್ಲ, ಆಗ ನನ್ನ ಹತ್ತಿರ ಕಾರ್ಡ್ ಇರಲಿಲ್ಲ. ಇದ್ದಿದ್ದರೆ ಅಪ್ಪ ಕಳಿಸಿದ ಮೆಸ್ ಬಿಲ್ಲಿನ ರೊಕ್ಕ ಗುಲಾಬಿ ಆಕಳಿಗೆ ಹೋಗುತ್ತಿತ್ತೋ ಏನೋ. ನಿಮ್ಮ ಮಗನ ಕೈಯಲ್ಲಿ ಈಗ ಫೋನ್ ಇದೆ, ಫೋನಿನಲ್ಲಿ ನಿಮ್ಮ ಖಾತೆ ಇದೆ. ನನಗೂ ಅವನಿಗೂ ಇರುವ ವ್ಯತ್ಯಾಸ ಅಷ್ಟೇ.

ಆ ಫಾರ್ಮ್‌ವಿಲ್ ಏನಾಯಿತು ಗೊತ್ತೇ? 2020ರ ಡಿಸೆಂಬರ್ 31ಕ್ಕೆ ಕಂಪನಿ ಅದನ್ನು ಮುಚ್ಚಿತು. ಅದು ಓಡಲು ಬೇಕಾಗಿದ್ದ ಫ್ಲ್ಯಾಶ್ ಎಂಬ ತಂತ್ರಾಂಶವೇ ನಿಂತುಹೋಗುತ್ತಿತ್ತು. ಹತ್ತು ವರ್ಷ ರೊಕ್ಕ ಹಾಕಿ ಬೆಳೆಸಿದ ಹೊಲ, ಮನೆ, ದನಕರು ಎಲ್ಲವೂ ಅದರ ಜೊತೆಗೇ ಹೋದವು. ಅಲ್ಲಿ ಕೊಂಡ ಆಕಳು ಕೊಂಡವರದ್ದಾಗಿರಲೇ ಇಲ್ಲ. ಕಂಪನಿಯ ಗೋದಲಿಯಲ್ಲಿ ಕಂಪನಿಯ ಆಕಳು, ನೋಡಲು ಮಾತ್ರ ಇವರು ರೊಕ್ಕ ಕೊಟ್ಟಿದ್ದರು.

ನಮ್ಮ ದೇಶದಲ್ಲಿ ಮುಚ್ಚುವುದಕ್ಕೆ ಕಂಪನಿಯೇ ಬೇಕೆಂದೂ ಇಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು. ಮರುವರ್ಷ ಬಿಜಿಎಂಐ ಎಂಬ ಹೆಸರಿನಲ್ಲಿ ಹೊಸ ಆಟ ಬಂದಾಗ ಹಳೆಯ ಸಾಮಾನು ಅಲ್ಲಿಗೆ ವರ್ಗಾಯಿಸಿಕೊಳ್ಳಲು ಅವಕಾಶವನ್ನೇನೋ ಕೊಟ್ಟರು. ಆದರೆ ಅದು ಅವರು ತೋರಿದ ದಯೆ, ಕೊಂಡವರ ಹಕ್ಕಲ್ಲ. 2022ರ ಜುಲೈನಲ್ಲಿ ಆ ಹೊಸ ಆಟವನ್ನೂ ಪ್ಲೇಸ್ಟೋರ್‌ನಿಂದ ತೆಗೆಸಿದರು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಬಾಗಿಲ ಕೀಲಿಕೈ ನಮ್ಮ ಹತ್ತಿರ ಇಲ್ಲದ ಮನೆಗೆ ಸಾಮಾನು ಕೊಂಡು ತುಂಬಿಸಿದ ಹಾಗೆ.

ಇಷ್ಟು ಹೇಳಿದ ಮೇಲೂ ಹುಡುಗನ ಪರವಾಗಿ ಒಂದು ಮಾತು ಇದೆ. ಕಾರ ಹುಣ್ಣಿಮೆಗೆ ನಾವು ಎತ್ತಿನ ಕೋಡಿಗೆ ಬಣ್ಣ ಬಳಿಯುತ್ತೇವೆ. ಕೊರಳಿಗೆ ಗೆಜ್ಜೆ, ಹಣೆಗೆ ಗೊಂಡೆ, ಬೆನ್ನ ಮೇಲೆ ಜೂಲ. ಅದರಿಂದ ಎತ್ತು ಒಂದು ಸಾಲು ಹೆಚ್ಚಿಗೆ ಹೊಡೆಯುವುದಿಲ್ಲ. ಆದರೂ ಬೋಳು ಕೋಡಿನ ಎತ್ತನ್ನು ಊರ ಮುಂದೆ ಹೊಡೆದುಕೊಂಡು ಹೋಗಲು ಯಾವ ರೈತನಿಗೂ ಮನಸ್ಸು ಒಪ್ಪುವುದಿಲ್ಲ. ಆ ಹುಡುಗನ ಅಂಗಿಯೂ ಅದೇ. ಅವನ ಇಯತ್ತೆಯ ಹುಡುಗರು ಶಾಲೆ ಬಿಟ್ಟ ಮೇಲೆ ಸೇರುವ ಕಟ್ಟೆ ಈಗ ಆ ಆಟದೊಳಗೆ ಇದೆ. ಅಲ್ಲಿ ಬಿಟ್ಟಿ ಅಂಗಿ ಹಾಕಿಕೊಂಡವನನ್ನು ಉಳಿದವರು ಆಡಿಕೊಳ್ಳುತ್ತಾರಂತೆ. ಹಾಗಂತ ಅವನೇ ಹೇಳಿದ, ನೆಲ ನೋಡಿಕೊಂಡು. ಜಾತ್ರೆಯಲ್ಲಿ ತೊಟ್ಟಿಲು ಹತ್ತಿ ಇಳಿದರೆ ಕೈಯಲ್ಲಿ ಏನು ಉಳಿಯುತ್ತದೆ? ಅದನ್ನು ಯಾರೂ ದಂಡ ಎನ್ನುವುದಿಲ್ಲ. ರಾತ್ರಿ ಅಡುಗೆ ಮನೆಯ ಕೆಲಸ ಮುಗಿಸಿ ಲೂಡೋ ಆಡುವ ಅಕ್ಕಂದಿರು ನಿಮ್ಮಲ್ಲೂ ಇದ್ದೀರಿ, ನನಗೆ ಗೊತ್ತು.

ಹಾಗಾಗಿ ಫೋನಿನೊಳಗಿನ ವಸ್ತುವಿಗೆ ಬೆಲೆಯೇ ಇಲ್ಲ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಅದು ಆಸ್ತಿಯಲ್ಲ, ಖರ್ಚು. ಜಾತ್ರೆಯ ಖರ್ಚಿನ ಹಾಗೆ ಅದಕ್ಕೂ ಒಂದು ಮಿತಿ ಇಟ್ಟುಕೊಂಡರೆ ತಪ್ಪೇನಿಲ್ಲ. ನನ್ನ ತಕರಾರು ಬೇರೆ ಕಡೆ ಇದೆ.

ಗೆಜ್ಜೆ ಕೊಳ್ಳುವಾಗ ಅಂಗಡಿಯವನು ಬೆಲೆಯನ್ನು ರೂಪಾಯಿಯಲ್ಲಿ ಹೇಳುತ್ತಾನೆ, ನಾವು ಚೌಕಾಶಿ ಮಾಡುತ್ತೇವೆ. ಆಟದಲ್ಲಿ ಬೆಲೆ ರೂಪಾಯಿಯಲ್ಲಿ ಇರುವುದಿಲ್ಲ. ಮೊದಲು ರೂಪಾಯಿ ಕೊಟ್ಟು 'ಡೈಮಂಡ್' ಕೊಳ್ಳಬೇಕು, ಆಮೇಲೆ ಡೈಮಂಡ್ ಕೊಟ್ಟು ಅಂಗಿ. ಎರಡು ಸಲ ಕೈ ಬದಲಾದ ಮೇಲೆ ಎಷ್ಟು ಹೋಯಿತು ಎಂಬ ಲೆಕ್ಕ ದೊಡ್ಡವರಿಗೇ ಸಿಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಚಕ್ರ ತಿರುಗಿಸುವ ಆಟ. ಅಂಗಿಯನ್ನು ನೇರವಾಗಿ ಮಾರುವುದಿಲ್ಲ. ಡೈಮಂಡ್ ಹಾಕಿ ಚಕ್ರ ತಿರುಗಿಸಬೇಕು, ಅದೃಷ್ಟವಿದ್ದರೆ ಅಂಗಿ, ಇಲ್ಲದಿದ್ದರೆ ಏನೋ ಒಂದು ಚಿಲ್ಲರೆ ವಸ್ತು. ಆ ಹುಡುಗನ ನಾಲ್ಕು ಸಲದ ಖರ್ಚಿನಲ್ಲಿ ಮೂರು ಸಲದ್ದು ಚಕ್ರಕ್ಕೇ ಹೋಗಿತ್ತು. ಜಾತ್ರೆಯಲ್ಲಿ ಇಂಥ ಚಕ್ರ ಇಟ್ಟುಕೊಂಡು ಕೂತವನ ಹತ್ತಿರ ನಾವು ಮಕ್ಕಳನ್ನು ಬಿಡುವುದಿಲ್ಲ. ಬೆಲ್ಜಿಯಂ ದೇಶ 2018ರಲ್ಲೇ ರೊಕ್ಕ ಕೊಟ್ಟು ತೆರೆಯುವ ಇಂಥ ಅದೃಷ್ಟದ ಪೆಟ್ಟಿಗೆಗಳನ್ನು ಜೂಜು ಎಂದು ಪರಿಗಣಿಸಿತು. ನಮ್ಮಲ್ಲಿ ಬಿಜಿಎಂಐ ಬಂದಾಗ 18 ವರ್ಷದೊಳಗಿನವರಿಗೆ ಖರ್ಚಿನ ಮಿತಿ ಹಾಕಿದ್ದೇವೆ ಎಂದು ಕಂಪನಿ ಹೇಳಿತು. ಮಿತಿ ಎಷ್ಟು ಗೊತ್ತೇ? ದಿನಕ್ಕೆ 7,000 ರೂಪಾಯಿ. ನಮ್ಮ ಲೆಕ್ಕದಲ್ಲಿ 200 ಲೀಟರ್ ಹಾಲು! ಈ ಮಿತಿಯನ್ನು ಯಾರ ಮನೆಯ ಮಕ್ಕಳನ್ನು ನೋಡಿ ಹಾಕಿದರೋ.

ಮನೆಯ ಗಂಡಸರು ಆಡುವ ರೊಕ್ಕದ ರಮ್ಮಿ, ಕ್ರಿಕೆಟ್ ತಂಡ ಕಟ್ಟುವ ಆಟಗಳ ವಿಷಯ ಬೇರೆ. ನಮ್ಮ ರಾಜ್ಯ 2021ರಲ್ಲಿ ಅವುಗಳಿಗೆ ತಡೆ ಹಾಕುವ ಕಾನೂನು ತಂದಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಆನ್‌ಲೈನ್ ಆಟಗಳ ಕಾಯ್ದೆ ಮಾಡಿ, ಗೆದ್ದರೆ ರೊಕ್ಕ ಬರುತ್ತದೆಂದು ರೊಕ್ಕ ಕಟ್ಟಿಸಿಕೊಳ್ಳುವ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಾದರೂ ಇನ್ನೂ ಅಂಥದ್ದರಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಅಂಜಿ ಮುಚ್ಚಿಡಬೇಡಿ. ಮೋಸ ಆಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ತಡಮಾಡದೆ ಫೋನ್ ಮಾಡಿ. ಆದರೆ ಈ ಕಾಯ್ದೆ ಅಂಗಿಯನ್ನೂ ಡೈಮಂಡನ್ನೂ ಮುಟ್ಟುವುದಿಲ್ಲ. ಅಲ್ಲಿ ಗೆದ್ದು ಪಡೆಯುವ ರೊಕ್ಕ ಇಲ್ಲ, ಕೊಡುವುದು ಮಾತ್ರ ಇದೆ. ಅದರ ತೀರ್ಮಾನ ಮನೆಯಲ್ಲೇ ಆಗಬೇಕು.

ಮನೆಯಲ್ಲಿ ಯಾರು ತೀರ್ಮಾನಿಸಬೇಕು ಎಂಬಲ್ಲಿಗೆ ನನ್ನ ನಿಜವಾದ ಮಾತು ಬಂತು. ಸಂಘದ ಪುಸ್ತಕದಲ್ಲಿ ಹೆಸರು ನಿಮ್ಮದು, ಖಾತೆ ನಿಮ್ಮದು, ಗೃಹಲಕ್ಷ್ಮಿಯ 2,000 ರೂಪಾಯಿ ನಿಮ್ಮ ಹೆಸರಿಗೆ. ಆದರೆ ಆ ಖಾತೆಯ ಫೋನ್‌ಪೇ ಯಾರ ಫೋನಿನಲ್ಲಿದೆ? ನಾನು ಹೋಗುವ ಮನೆಗಳಲ್ಲಿ ಕೇಳಿದರೆ ಹೆಚ್ಚಿನವರ ಉತ್ತರ "ಮಗಂದ್ರಾಗ ಐತ್ರಿ", ಇಲ್ಲವೇ "ನಮ್ಮ ಮನ್ಯಾರ ಹತ್ರ". ಪಿನ್ ಮನೆಮಂದಿಗೆಲ್ಲ ಗೊತ್ತು, ನಿಮ್ಮೊಬ್ಬರನ್ನು ಬಿಟ್ಟು. ಹಾಲಿನ ರೊಕ್ಕ ಹೆಣ್ಣುಮಕ್ಕಳ ಕೈಗೇ ಸೇರಲಿ ಎಂದು ಮಹಿಳಾ ಸಂಘಗಳನ್ನು ಕಟ್ಟಿದ್ದು. ಆ ರೊಕ್ಕ ಖಾತೆಯವರೆಗೆ ಸರಿಯಾಗಿಯೇ ಬರುತ್ತಿದೆ, ಅಲ್ಲಿಂದ ಮುಂದೆ ನಿಮ್ಮನ್ನು ಕೇಳದೆ ಹೋಗುತ್ತಿದೆ. ಇವತ್ತು ಅಂಗಿ, ನಾಳೆ ಇನ್ನೊಂದು. ಹುಡುಗ ಅದೇ ರೊಕ್ಕದಲ್ಲಿ ಒಳ್ಳೆಯ ಪುಸ್ತಕ ಕೊಂಡಿದ್ದರೂ, ಕೇಳದೆ ತೆಗೆದದ್ದು ಕೇಳದೆ ತೆಗೆದದ್ದೇ.

ಬಟವಾಡೆ ಬರುವ ಖಾತೆಗೆ ಯುಪಿಐ ಜೋಡಿಸಲೇಬೇಕು ಎಂದಿಲ್ಲ. ಅದನ್ನು ಹಾಗೇ ಇಟ್ಟು, ಮನೆಖರ್ಚಿಗೆ ಬೇಕಾದಷ್ಟನ್ನು ಮಾತ್ರ ಇನ್ನೊಂದು ಖಾತೆಗೆ ಹಾಕಿಕೊಳ್ಳಬಹುದು. ಈಗಾಗಲೇ ಜೋಡಿಸಿದ್ದರೆ ಪಿನ್ ಬದಲಿಸಿ, ನೀವೇ ಒತ್ತುವುದನ್ನು ಕಲಿಯಿರಿ. ಕರೆಯುವ ಯಂತ್ರ ನಡೆಸಲು ಕಲಿತವರಿಗೆ ಇದು ಏನೂ ಕಷ್ಟವಲ್ಲ. ಪ್ಲೇಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಡಲು ಬರುತ್ತದೆ, ಮಗನಿಗೇ ಹೇಳಿ ನಿಮ್ಮ ಮುಂದೆ ಮಾಡಿಸಿ. ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಬಿಡಬೇಡಿ.

ಅಮೆರಿಕದ ಒಬ್ಬ ಪ್ರಾಧ್ಯಾಪಕರು, ಇಯಾನ್ ಬೊಗೊಸ್ಟ್ ಅಂತ, 2010ರಲ್ಲಿ ಇಂಥ ಆಟಗಳನ್ನು ಅಣಕಿಸಲೆಂದು 'ಕೌ ಕ್ಲಿಕ್ಕರ್' ಎಂಬ ಆಟ ಮಾಡಿದರು. ತೆರೆಯ ಮೇಲೆ ಒಂದು ಆಕಳ ಚಿತ್ರ, ಆರು ತಾಸಿಗೊಮ್ಮೆ ಅದನ್ನು ಒತ್ತಬೇಕು. ಅಷ್ಟೇ ಆಟ. ಚೆಂದದ ಆಕಳು ಬೇಕಾದರೆ ರೊಕ್ಕ. ತಮಾಷೆಗೆ ಮಾಡಿದ್ದನ್ನು ಸಾವಿರಾರು ಜನ ನಿಜವಾಗಿಯೇ ಆಡಿದರು, ರೊಕ್ಕವನ್ನೂ ಕೊಟ್ಟರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅವರು ಎಲ್ಲ ಆಕಳುಗಳನ್ನೂ ತೆಗೆದುಹಾಕಿದರು. ಆಮೇಲೂ ಕೆಲವರು ಆಕಳು ಇದ್ದ ಖಾಲಿ ಜಾಗವನ್ನೇ ಒತ್ತುತ್ತಿದ್ದರಂತೆ. ಇದನ್ನು ಆ ಹುಡುಗನಿಗೆ ಹೇಳಿದಾಗ ನಕ್ಕ. ಆ ದಿನ ಅವನು ನಕ್ಕದ್ದು ಅದೊಂದೇ ಸಲ.

ಅಷ್ಟರಲ್ಲಿ ಆಕಳು ಮೈ ನಡುಗಿಸಿ, ಸಗಣಿ ಹಾಕಿ, ಮುಂಗಾಲು ಊರಿ ಎದ್ದು ನಿಂತಿತು.

ಹದಿನೈದು ದಿನ ಬಿಟ್ಟು ಅದೇ ಓಣಿಗೆ ಹೋಗಿದ್ದೆ. ತಾಯಿ ಫೋನ್ ಕಸಿದುಕೊಂಡಿರಲಿಲ್ಲ. ಪಿನ್ ಬದಲಿಸಿದ್ದರು. ಬೆಳಗಿನ ಹಾಲನ್ನು ಡೇರಿಗೆ ಹಾಕಿ ಬರುವುದು, ಫ್ಯಾಟ್ ಎಷ್ಟು ಬಂತೆಂದು ಚೀಟಿ ಬರೆದಿಡುವುದು ಈಗ ಹುಡುಗನ ಕೆಲಸ. ಅದಕ್ಕೆ ತಿಂಗಳಿಗೆ 100 ರೂಪಾಯಿ ಅವನದು. ಅದರಲ್ಲಿ ಏನು ಕೊಂಡರೂ ಕೇಳುವುದಿಲ್ಲ ಎಂದು ಅವರು ಮಾತು ಕೊಟ್ಟಿದ್ದಾರೆ. ಕೇಳುವ ಮನಸ್ಸು ನನಗೂ ಆಯಿತು, ಆದರೆ ಕೇಳಲಿಲ್ಲ. ಖನಿಜ ಮಿಶ್ರಣದ ಚೀಲ ಗೋದಲಿಯ ಪಕ್ಕದ ಗೂಟಕ್ಕೆ ನೇತು ಹಾಕಿತ್ತು.