ಪಾಲಾದ ನೀರು, ಪಾಲಾಗದ ಮಾಲಿನ್ಯ

ಜಲದ ಒಡೆತನದ ವ್ಯಾಜ್ಯ ತೀರುವ ತನಕ ಅದನ್ನು ಕೆಡಿಸಿದ ಹೊಣೆ ಯಾರದೆಂಬ ಪ್ರಶ್ನೆಯನ್ನು ತಡೆಹಿಡಿಯಬಹುದೆ? ಎಲ್ಲೆ ನಿರ್ಣಯವಾಗದ ಕಡಲಿನಲ್ಲಿ ತೈಲದ ಬಾವಿ ಕೊರೆಯುವ ರಾಷ್ಟ್ರಗಳಿಗೆ ಕೇಳತಕ್ಕ ಈ ಪ್ರಶ್ನೆ, ಕಡಲಿನಿಂದ ದೂರವಿರುವ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಗೂ ಹೊರತಾದುದಲ್ಲ. ಏಕೆಂದರೆ ಈ ಸೀಮೆಯ ಆಧಾರವಾದ ತುಂಗಭದ್ರೆ, ಕೃಷ್ಣೆಯ ಉಪನದಿಯಾಗಿ, ರಾಜ್ಯರಾಜ್ಯಗಳ ವ್ಯಾಜ್ಯಕ್ಕೆ ಸಿಕ್ಕಿದ ನದಿ.

ತುಂಗಭದ್ರೆಯ ಹಮ್ಮಿಗಿ ಬ್ಯಾರೇಜಿನಿಂದ ಎತ್ತಿದ ನೀರು ಗದಗ-ಬೆಟಗೇರಿಯ ಓಣಿಗಳಿಗೆ ಬರುವುದೇ ದಿನಗಟ್ಟಲೆ ಕಾದ ಮೇಲೆ. ನಳ ಬಂತೆಂಬ ಕೂಗು ಬಿದ್ದೊಡನೆ ಹೆಂಗಸರು ಬ್ಯಾರಲ್ಲು, ಹಂಡೆ, ಕೊಡಗಳನ್ನು ಸಾಲಿಟ್ಟು, ಕೊಡದ ಬಾಯಿಗೆ ಹಳೆಯ ಸೀರೆಯ ಅರಿವೆ ಕಟ್ಟಿ ಸೋಸಿ ತುಂಬುವರು. ಅರಿವೆಯಲ್ಲಿ ಕಸ ನಿಲ್ಲುವುದು. ನೀರಿನಲ್ಲಿ ಕರಗಿದ ವಿಷ ನಿಲ್ಲದು. ನದಿಯ ಮೇಲುಭಾಗದಲ್ಲಿ, ಹರಿಹರದ ಬಳಿ, 1980ರ ದಶಕದಲ್ಲಿ ಮೀನುಗಳು ಸತ್ತು ತೇಲಿದಾಗ, ಕಾರ್ಖಾನೆಯ ತ್ಯಾಜ್ಯವೇ ಕಾರಣವೆಂದು ದಡದ ಹಳ್ಳಿಗರೂ ಧಾರವಾಡದ ಸಮಾಜ ಪರಿವರ್ತನ ಸಮುದಾಯದವರೂ ಹೋರಾಟಕ್ಕೆ ಇಳಿಯಬೇಕಾಯಿತು. ನದಿಯ ಪಾಲು ನಿರ್ಣಯಿಸಲು ನೇಮಿತವಾದ ಬಚಾವತ್ ನ್ಯಾಯಾಧಿಕರಣವಾದರೋ ಕೃಷ್ಣಾ ಕೊಳ್ಳದ 2060 ಟಿಎಂಸಿ ನೀರನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು 1976ರಷ್ಟು ಹಿಂದೆಯೇ ಹಂಚಿಕೊಟ್ಟಿತ್ತು. ಅಳತೆಯಲ್ಲಿ ಇಷ್ಟು ನಿಷ್ಕರ್ಷೆ. ಆ ನೀರಿನ ಶುದ್ಧಿಯ ಪಾಲನೆಯಾದರೋ 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆಯ ಮೇರೆಗೆ ಆಯಾ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬಿಟ್ಟ ಮಾತಾಯಿತು. ಒಂದೇ ಪ್ರವಾಹದ ಪರಿಮಾಣಕ್ಕೊಂದು ಪೀಠ, ಗುಣಕ್ಕೊಂದು ಕಚೇರಿ ಎಂಬ ಈ ವಿಭಜನೆ ನನಗೆ ನಮ್ಮ ಜಲನೀತಿಯ ಮೂಲದೋಷವೆಂದೇ ತೋರುತ್ತದೆ.

ಕಡಲಿನ ನ್ಯಾಯ ಈ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದಿದೆ. ಎಲ್ಲೆ ಇತ್ಯರ್ಥವಾಗುವವರೆಗೆ ನೆರೆರಾಷ್ಟ್ರಗಳು ತಾತ್ಕಾಲಿಕ ಒಡಂಬಡಿಕೆಗೆ ಯತ್ನಿಸತಕ್ಕದ್ದೆಂದು 1982ರ ಸಮುದ್ರ ಕಾನೂನಿನ ಒಪ್ಪಂದ ವಿಧಿಸಿದೆ. ಗಯಾನಾ ಮತ್ತು ಸುರಿನಾಮ್‌ಗಳ ವ್ಯಾಜ್ಯದಲ್ಲಿ 2007ರ ಮಧ್ಯಸ್ಥಿಕೆ ನ್ಯಾಯಮಂಡಳಿ, ಶಬ್ದತರಂಗಗಳಿಂದ ತಳವನ್ನು ಶೋಧಿಸುವುದು ಸರಿ, ಆದರೆ ಸಮುದ್ರಕ್ಕೆ ಶಾಶ್ವತ ವಿಕಾರವನ್ನುಂಟುಮಾಡಬಲ್ಲ ಬಾವಿಯನ್ನು ಒಂದೇ ಪಕ್ಷ ತನ್ನಿಚ್ಛೆಯಂತೆ ಕೊರೆಯಲಾಗದು ಎಂದಿತು. ಎಲ್ಲೆಯನ್ನು ಎಣ್ಣೆ ಮನ್ನಿಸದೆಂಬುದಕ್ಕೆ ಮೊಂಟಾರಾ ತೈಲಬಾವಿ ಸಾಕ್ಷಿ: 2009ರ ಆಗಸ್ಟಿನಲ್ಲಿ ಆಸ್ಟ್ರೇಲಿಯದ ಅಧೀನದಲ್ಲಿದ್ದ ಆ ಬಾವಿ ಒಡೆದು, ಎಪ್ಪತ್ತಕ್ಕೂ ಹೆಚ್ಚು ದಿನ ಕಕ್ಕಿದ ತೈಲ ಇಂಡೋನೇಷ್ಯದ ಕರಾವಳಿಯನ್ನು ಮುಟ್ಟಿ ಕಡಲಪಾಚಿ ಬೆಳೆದು ಬದುಕುವವರನ್ನು ಹಾಳುಗೆಡವಿತು, ಅವರ ಪರವಾಗಿ ಆಸ್ಟ್ರೇಲಿಯದ ನ್ಯಾಯಾಲಯ ತೀರ್ಪಿತ್ತದ್ದು 2021ರಲ್ಲಿ.

ಒಡೆತನ ತಿಳಿಯದೆ ಹೊಣೆ ಹೊರಿಸುವುದು ಹೇಗೆಂದು ಕೇಳುವವರುಂಟು. ಒಡೆತನ ಸಾಬೀತಾಗಲು ದಶಕಗಳ ವಾದ ಬೇಕು; ಮಾಲಿನ್ಯ ಸಾಬೀತಾಗಲು ದಡದಲ್ಲಿ ತುಂಬಿದ ಒಂದು ಸೀಸೆ ನೀರೂ ಅದನ್ನು ಪರೀಕ್ಷಿಸುವ ಪ್ರಾಮಾಣಿಕರೂ ಸಾಕು. ಉಭಯ ಪಕ್ಷಗಳೂ ಕೂಡಿ ಪರೀಕ್ಷಿಸಿದ ಮಾತ್ರಕ್ಕೆ ಯಾರ ಹಕ್ಕೂ ಕುಂದದು. ಆದುದರಿಂದ ಮುಂದಿನ ನದೀ ತೀರ್ಪುಗಳಲ್ಲಿ ಟಿಎಂಸಿಯ ಪಕ್ಕದಲ್ಲಿಯೇ ನೀರಿನ ಶುದ್ಧಿಯ ಪ್ರಮಾಣವನ್ನೂ, ಕೆಡಿಸಬಹುದಾದವರು ಮುಂಗಡವಾಗಿ ಕಟ್ಟಬೇಕಾದ ಪರಿಹಾರದ ಠೇವಣಿಯನ್ನೂ ನಮೂದಿಸಬೇಕು. ಮುಂಡರಗಿ, ಶಿರಹಟ್ಟಿಗಳ ಪ್ರತಿನಿಧಿಗಳು ನೀರಿನ ಪಾಲನ್ನು ಕೇಳುವಾಗ ಇದನ್ನೂ ಅಷ್ಟೇ ಗಟ್ಟಿಯಾಗಿ ಕೇಳಲಿ.