ಅಜ್ಜನ ಕಾರು, ಅಜ್ಜಿಯ ಕೌದಿ

ಮಕ್ಕಳೇ, ನಮ್ಮ ಹಳೇ ಮಾರುತಿ 800ರ ಮೀಟರಿಗೆ ಐದೇ ಅಂಕಿ. ಹೋದ ವಾರ ಇಳಕಲ್ಲಿನಿಂದ ಬಾಗಲಕೋಟೆಗೆ ಬರುವಾಗ, ಹುನಗುಂದ ದಾಟುತ್ತಲೇ 99999 ಹೋಗಿ 00000 ಬಂತು. “ಅಜ್ಜಾ, ಕಾರು ಹೊಸಾದಾತು!” ಎಂದು ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಹೀಗೆ ತಿರುಗಿದ್ದು ಎಷ್ಟನೇ ಸಲವೋ! ನಾನು ಕೊಂಡಾಗಲೇ ಅದು ಸೆಕೆಂಡ್ ಹ್ಯಾಂಡ್.

ಮಗನಿಗೆ ಹೊಸ ಕಾರು ಬೇಕು. ನನ್ನ ವಾದ ಬೇರೆ. ಈ ಮಾದರಿ 1983ರಿಂದ 2014ರವರೆಗೆ ತಯಾರಾಯಿತು. ಯಾವ ಊರಿನ ಮೆಕ್ಯಾನಿಕ್ಕಿಗೂ ಇದರ ನಾಡಿ ಗೊತ್ತು. ಹೊಸದರ ಎರಡು ತಿಂಗಳ ಕಂತಿನಲ್ಲಿ ಇದರ ವರ್ಷದ ರಿಪೇರಿ ಮುಗಿಯುತ್ತದೆ. “ಇಳಕಲ್ ಸೀರಿ ಹಳೇದಾದ್ರ ನೀ ಕೌದಿ ಹೊಲಿಯೂದಿಲ್ಲೇನು?” ಎಂದು ಅಜ್ಜಿಯನ್ನೂ ನನ್ನ ಕಡೆ ಎಳೆದುಕೊಂಡೆ.

15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ತಪಾಸಣೆ ಆಗಬೇಕು. ಅದಕ್ಕೆ ಮುಂಚೆ ಗ್ಯಾರೇಜಿಗೆ ಒಯ್ದೆ. ಎಂಜಿನ್ ಗಟ್ಟಿ. ಆದರೆ ಮೆಕ್ಯಾನಿಕ್ ಕಾಲಡಿಯ ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನಿಂದ ಒತ್ತಿದ. ತಗಡು ಹಪ್ಪಳದಂತೆ ಮುರಿಯಿತು. ಬಾಗಿಲ ರಬ್ಬರು ಬದಲಿಸದ ನನ್ನ ಸೋಮಾರಿತನದಿಂದ ಮಳೆನೀರು ಇಳಿದು ತುಕ್ಕು ಹಿಡಿದಿತ್ತು. ಸೀಟ್ ಬೆಲ್ಟಿನ ಬೋಲ್ಟ್ ಇರುವುದೂ ಅಲ್ಲೇ. “ಮೀಟರ್ ಬಿಡ್ರಿ ಅಜ್ಜಾರ, ಇದನ್ನ ನೋಡ್ರಿ. ಗಾಡಿ ಗುದ್ದಿದ್ರ ಬೆಲ್ಟ್ ಕಿತ್ತು ಬರ್ತೈತಿ.”

ಆ ಸೀಟು ಅಜ್ಜಿಯದು.

ಮನೆಗೆ ಬಂದು ಹೇಳಿದೆ. “ಕೌದಿ ಹೊಲಿತೀನಿ, ಖರೆ. ಜೀರ್ಣಾದ ಅರಿವಿಗೆ ತ್ಯಾಪಿ ಹಚ್ಚಿದ್ರ ದಾರ ಹಿಡಿತೈತೇನ್ರಿ?” ಎಂದಳು.

ಬಾದಾಮಿಯ ಬನಶಂಕರಿ ಜಾತ್ರೆಗೆ ಈ ಸಲ ಬಸ್ಸು. ಮಗ ಶೋರೂಮಿನಿಂದ ಬಣ್ಣಬಣ್ಣದ ಕಾಗದ ತಂದಿದ್ದಾನೆ. ನಾನು ಸುಮ್ಮನೆ ಹೋಗಿ ಇನ್ನೊಂದು ಸೆಕೆಂಡ್ ಹ್ಯಾಂಡ್ ಕಾರಿನ ಮ್ಯಾಟ್ ಎತ್ತಿ ನೋಡಿ ಬಂದಿದ್ದೇನೆ.